ಬಳ್ಳಾರಿಯ ಬಿಸಿಲಲ್ಲಿ ಸಾಕು ಇಲಿಗಳಿಗೊಂದು ಆಟದ ಜಾಗ

ನಮ್ಮ ಮನೆಯಲ್ಲಿ ಎರಡು ಹೆಣ್ಣು ಇಲಿಗಳಿವೆ. ಕಂದು ಬಣ್ಣದವಳು ಶೇಂಗಾ, ಬೂದಿ ಬಣ್ಣದವಳು ಸಜ್ಜೆ. ಹೋದ ವರ್ಷ ಒಂದು ಸಂಜೆ ಶೇಂಗಾ ಕಾಣೆಯಾದಳು. ಬಾಗಿಲು ಹಾಕಿತ್ತು, ಕಿಟಕಿಯೂ ಹಾಕಿತ್ತು. ಎರಡು ಗಂಟೆ ಹುಡುಕಿದೆವು. ಕೊನೆಗೆ ನೋಡಿದರೆ, ಸೋಫಾದ ಅಡಿಯ ತೆಳು ಬಟ್ಟೆ ಹರಿದು ಸ್ಪ್ರಿಂಗುಗಳ ನಡುವೆ ಮಲಗಿದ್ದಳು. ಅಷ್ಟು ಹೊತ್ತಿನಲ್ಲಿ ಯಾರಾದರೂ ಸೋಫಾ ಮೇಲೆ ಧೊಪ್ಪನೆ ಕೂತಿದ್ದರೆ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ನಾನು ಮಾಡಿದ ಕೆಲಸವನ್ನೇ ನಿಮಗೂ ಮೊದಲು ಹೇಳುತ್ತೇನೆ. ಇಲಿಗಳನ್ನು ಬಿಡುವ ಕೋಣೆಯಲ್ಲಿ ಬೋರಲು ಮಲಗಿ. ಗಲ್ಲ ನೆಲಕ್ಕೆ ತಾಗಲಿ. ಹಾಗೇ ಗೋಡೆಯುದ್ದಕ್ಕೂ ಕಣ್ಣು ಹಾಯಿಸಿ. ನಿಂತಾಗ ಕಾಣದ್ದೆಲ್ಲ ಆಗ ಕಾಣುತ್ತದೆ: ಬೀರುವಿನ ಹಿಂದಿನ ಸಂದು, ಫ್ರಿಜ್‌ನ ವೈರು, ಮೂಲೆಗೆ ಉರುಳಿದ ಡಾಂಬರು ಗುಳಿಗೆ, ಎಂದೋ ಎಳೆದ ಇರುವೆ ಚಾಕ್‌ನ ಗೆರೆ.

ಯಾವ ಕೋಣೆ, ಯಾವ ಹೊತ್ತು

ಇಲಿಗಳಿಗೆ ದಿನಕ್ಕೆ ಒಂದು ಗಂಟೆಯಾದರೂ ಪಂಜರದಿಂದ ಹೊರಗೆ ಓಡಾಟ ಬೇಕು. ಅದಕ್ಕೆ ದೊಡ್ಡ ಹಾಲ್ ಬೇಕಿಲ್ಲ. ಸಾಮಾನು ಕಡಿಮೆ ಇರುವ ಸಣ್ಣ ಕೋಣೆಯೇ ಮೇಲು. ಅಡುಗೆಮನೆ ಬೇಡ. ದೇವರ ಕೋಣೆಯ ಪಕ್ಕವೂ ಬೇಡ. ಇಲಿಗಳ ಶ್ವಾಸಕೋಶ ಬಹಳ ಸೂಕ್ಷ್ಮ. ಊದುಬತ್ತಿ, ಸೊಳ್ಳೆ ಬತ್ತಿ, ಒಗ್ಗರಣೆ ಘಾಟು ಇವೆಲ್ಲ ಅವಕ್ಕೆ ತೊಂದರೆ ಕೊಡುತ್ತವೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಮಾತು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಇಲಿ ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಬಿಸಿಯನ್ನು ಮುಖ್ಯವಾಗಿ ಬಾಲದ ಮೂಲಕ ಹೊರಹಾಕುತ್ತದೆ. 30 ಡಿಗ್ರಿ ಮೇಲಾದರೆ ಅದಕ್ಕೆ ಕಷ್ಟ ಶುರು. ಆದ್ದರಿಂದ ಆರ್‌ಸಿಸಿ ಛಾವಣಿಯ ಕೆಳಗಿನ ಮಹಡಿ ಕೋಣೆ ಬಿಟ್ಟುಬಿಡಿ. ನೆಲಮಹಡಿಯಲ್ಲಿ, ಪಡುವಣ ಬಿಸಿಲು ಬೀಳದ ಕೋಣೆ ಹುಡುಕಿ. ಶಹಾಬಾದ್ ಕಲ್ಲಿನ ನೆಲವಿದ್ದರೆ ಅದೇ ಭಾಗ್ಯ.

ಬೇಸಿಗೆಯಲ್ಲಿ ಆಟದ ಹೊತ್ತು ಎಂದರೆ ಬೆಳಗಿನ ಜಾವ, ಇಲ್ಲವೇ ರಾತ್ರಿ ಊಟವಾದ ಮೇಲೆ. ಅದು ಇಲಿಗಳಿಗೂ ಇಷ್ಟದ ಹೊತ್ತು. ಹಗಲಲ್ಲಿ ಅವು ಮಲಗುತ್ತವೆ, ಸುಮ್ನೆ ಎಬ್ಬಿಸಬೇಡಿ.

ಸಂದು ಮುಚ್ಚುವ ಕೆಲಸ

ಇದಕ್ಕೆ ಒಂದು ಇಡೀ ಭಾನುವಾರ ಕೊಡಿ. ತಲೆ ತೂರಿದರೆ ಮೈಯೂ ತೂರುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಮರಿಗಳಿಗೆ ಅರ್ಧ ಇಂಚಿನ ಸಂದು ಸಾಕು. ಬಾಗಿಲ ಕೆಳಗೆ ಬಟ್ಟೆ ತುರುಕಿದರೆ ಎಳೆದು ಹಾಕುತ್ತವೆ. ಅಲ್ಲಿಗೆ ಮರದ ಪಟ್ಟಿಯೇ ಬೇಕು. ಬಚ್ಚಲ ಮೋರಿಗೆ ಗಟ್ಟಿ ಜಾಲರಿ ಕೂರಿಸಿ. ಇದು ನಿಮ್ಮ ಇಲಿ ಹೋಗದಿರಲಿ ಎಂದಷ್ಟೇ ಅಲ್ಲ, ಹೆಗ್ಗಣ ಒಳಗೆ ಬರಬಾರದು ಎಂದು ಕೂಡ. ಹೊರಗಿನ ಇಲಿ, ಹೆಗ್ಗಣಗಳ ಮೂತ್ರದಿಂದ ಇಲಿ ಜ್ವರ ನಿಮ್ಮ ಇಲಿಗೂ ಬರಬಹುದು, ನಿಮಗೂ ಬರಬಹುದು.

ವೈರುಗಳ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಇಲಿಯ ಮುಂದಿನ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಕಡಿಯುವುದು ಅದರ ಹುಟ್ಟುಗುಣ, ಬೈದರೆ ಬಿಡುವುದಿಲ್ಲ. ಪ್ಲಗ್ ಕಿತ್ತು ವೈರನ್ನು ಮೇಲೆತ್ತಿ, ಆಗದಿದ್ದರೆ ಪಿವಿಸಿ ಪೈಪಿನೊಳಗೆ ಹಾಯಿಸಿ. ಕೂಲರ್ ಆ ಕೋಣೆಯಲ್ಲಿ ಬೇಡ. ವೈರೂ ಇದೆ, ನೀರಿನ ತೊಟ್ಟಿಯೂ ಇದೆ.

ಇಲಿ ಪಾಷಾಣ, ಜಿರಳೆ ಮದ್ದು, ಅಂಟಿನ ಹಲಗೆ ಒಂದೂ ಉಳಿಯದಂತೆ ತೆಗೆಯಿರಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಒಮ್ಮೆ ನುಂಗಿದ್ದು ಒಳಗೇ ಉಳಿಯಿತು.

ಕೋಣೆ ಪೂರ್ತಿ ಮುಚ್ಚಲಾಗದವರು ಬೇಲಿ ಕಟ್ಟಿಕೊಳ್ಳಬಹುದು. ಬೋರ್ಡು ಬರೆಯುವವರ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಶೀಟು ಇದಕ್ಕೆ ಬಹಳ ಚೆನ್ನ. ನುಣುಪಾಗಿರುವುದರಿಂದ ಹತ್ತಲು ಹಿಡಿ ಸಿಗುವುದಿಲ್ಲ. 3 ಅಡಿ ಎತ್ತರ ಇರಲಿ, 2 ಅಡಿ ಅವು ಸಲೀಸಾಗಿ ಹಾರುತ್ತವೆ. ಟೇಪನ್ನು ಹೊರಗಿನಿಂದ ಅಂಟಿಸಿ, ಬುಡಕ್ಕೆ ಹೊರಗಿನಿಂದಲೇ ಇಟ್ಟಿಗೆ ಒರಗಿಸಿ.

ಜೀನ್ಸ್ ಕಾಲು, ಮಣ್ಣಿನ ಮಡಕೆ

ಆಟದ ಸಾಮಾನಿಗೆ ದುಡ್ಡು ಸುರಿಯಬೇಕಿಲ್ಲ, ಅದರಲ್ಲೂ ಬಳ್ಳಾರಿಯವರು. ಜೀನ್ಸ್ ಹೊಲಿಯುವ ಊರು ನಮ್ಮದು. ಕೌಲ್ ಬಜಾರಿನಲ್ಲಿ ಹೊಲಿಗೆ ಕೆಲಸ ಮಾಡುವ ಅಕ್ಕ ಒಬ್ಬರನ್ನು ತುಂಡು ಬಟ್ಟೆ ಕೇಳಿದೆ. "ಒಯ್ರಿ, ಹೊರಗೆ ಹಾಕೋದೇ ಐತಿ" ಅಂದು ಚೀಲ ತುಂಬಿ ಕೊಟ್ಟರು. ಹಳೇ ಪ್ಯಾಂಟಿನ ಕಾಲನ್ನು ಮೊಣಕಾಲ ಹತ್ತಿರ ಕತ್ತರಿಸಿದರೆ ಅದೇ ಒಂದು ಸುರಂಗ. ನಾಲ್ಕು ಮೂಲೆಗೆ ದಾರ ಕಟ್ಟಿ ತೂಗಿದರೆ ತೊಟ್ಟಿಲು. ಜಿಪ್, ಗುಂಡಿ, ತಾಮ್ರದ ರಿವೆಟ್ ಮೊದಲೇ ಕಿತ್ತುಹಾಕಿ. ಅಂಚು ಮಡಚಿ ಹೊಲಿಯಿರಿ. ಜೀನ್ಸ್ ಅಂಚಿನಿಂದ ಬಿಳಿ ನೂಲು ಬಿಚ್ಚಿಕೊಳ್ಳುತ್ತದೆ, ನೋಡಿರುತ್ತೀರಿ. ಆ ನೂಲು ಇಲಿಯ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲುತ್ತದೆ. ನಾನು ವಾರಕ್ಕೊಮ್ಮೆ ಕತ್ತರಿ ಹಿಡಿದು ಕೂರುತ್ತೇನೆ.

ಪ್ಲಂಬರ್ ಬಿಟ್ಟುಹೋದ 4 ಇಂಚಿನ ಪೈಪ್ ತುಂಡಿದ್ದರೆ ಅಂಚು ಉಜ್ಜಿ ಇಡಿ. ತೊಟ್ಟಿಲು, ಏಣಿ ಏನೇ ಇಟ್ಟರೂ ಎತ್ತರ ಕಡಿಮೆ ಇರಲಿ. ಇಲಿಗಳ ಕಣ್ಣು ಮಂದ, ಕೆಂಪು ಕಣ್ಣಿನ ಬಿಳಿ ಇಲಿಗಳದ್ದು ಇನ್ನೂ ಜಾಸ್ತಿ ಮಂದ. ಹಾರುವ ಮೊದಲು ತಲೆಯನ್ನು ಆಚೀಚೆ ಆಡಿಸಿ ದೂರ ಅಳೆಯುವುದನ್ನು ಗಮನಿಸಿ.

ಇನ್ನು ನನ್ನ ಮೆಚ್ಚಿನ ವಸ್ತು, ಕುಂಬಾರರ ಮಡಕೆ. ಬಾಯಿ ಅಗಲವಿರುವ ಸಣ್ಣದೊಂದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಒಳಗೆ ಒರೆಸಿ, ಅಡ್ಡ ಮಲಗಿಸಿ, ಉರುಳದಂತೆ ಎರಡೂ ಬದಿ ಕಲ್ಲು ಕೊಡಿ. ನಮ್ಮ ಒಣ ಹವೆಗೆ ನೀರು ಆರುತ್ತಾ ಮಡಕೆಯ ಒಳಗೆ ತಂಪು ನಿಲ್ಲುತ್ತದೆ. ಸಜ್ಜೆ ಅದರಲ್ಲಿ ಮಲಗುವುದನ್ನು ನೋಡಬೇಕು. ಮೈಯೆಲ್ಲ ಒಳಗೆ, ಬಾಲ ಮಾತ್ರ ಮಡಕೆಯ ಬದಿಗೆ ಉದ್ದಕ್ಕೆ ಒತ್ತಿಕೊಂಡು.

ಇಲಿ ಬಾಯಲ್ಲಿ ಜೊಲ್ಲು ಸುರಿಸುತ್ತಾ ಮೈಚೆಲ್ಲಿ ಮಲಗಿ ಏದುಸಿರು ಬಿಡುತ್ತಿದ್ದರೆ ಬಿಸಿಲು ಬಡಿದಿದೆ ಎಂದರ್ಥ. ಆಟ ನಿಲ್ಲಿಸಿ. ಬಾಲ ಮತ್ತು ಪಾದಗಳಿಗೆ ತಣ್ಣೀರು ಸವರಿ, ಐಸ್ ನೀರು ಬೇಡ. ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ. ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರು ಯಾರಿದ್ದಾರೆ ಎಂದು ಮೊದಲೇ ಫೋನು ಮಾಡಿ ತಿಳಿದಿಟ್ಟುಕೊಳ್ಳಿ.

ಅಗೆಯುವ ಆಟಕ್ಕೆ ಒಂದು ರಟ್ಟಿನ ಡಬ್ಬಿ ಸಾಕು. ಕಾಗದ ಹರಿದು ತುಂಬಿ. ಕಟ್ಟಿಗೆ ಪುಡಿ, ಭತ್ತದ ಹೊಟ್ಟು ಬೇಡ, ಅದರ ಧೂಳು ಎದೆಗೆ ಹೋಗುತ್ತದೆ. ಉಗ್ಗಾಣಿ ಮಾಡುವ ದಿನ ಒಗ್ಗರಣೆಗೆ ಮೊದಲೇ ನಾಲ್ಕು ಮಂಡಕ್ಕಿ ತೆಗೆದು ಕಾಗದದೊಳಗೆ ಬಚ್ಚಿಡಿ.

ನೀವೂ ನೆಲಕ್ಕೆ ಕೂರಿ

ಇಲಿ ಬಿಟ್ಟು ಮೊಬೈಲ್ ನೋಡುತ್ತಾ ಕೂರುವುದಾದರೆ ಬಿಡಲೇಬೇಡಿ. ಮೊದಲ ದಿನ ಹತ್ತು ನಿಮಿಷ ಸಾಕು. ಅವು ಗೋಡೆಗೆ ಮೀಸೆ ತಾಗಿಸಿಕೊಂಡೇ ಸುತ್ತು ಹಾಕುತ್ತವೆ, ಕೋಣೆಯ ನಡುವಿಗೆ ಬರಲು ಹೆದರಿಕೆ. ನೀವು ಚಪ್ಪಲಿ ಬಿಟ್ಟು ನೆಲಕ್ಕೆ ಕೂತರೆ ಎರಡು ಮೂರು ದಿನದಲ್ಲಿ ತೊಡೆ ಹತ್ತುತ್ತವೆ. ಓಡಾಡುವಾಗ ಕಾಲೆತ್ತಬೇಡಿ, ನೆಲಕ್ಕೆ ಎಳೆದು ನಡೆಯಿರಿ. ಬಾಲ ಹಿಡಿದು ಮಾತ್ರ ಎಂದೂ ಎತ್ತಬೇಡಿ, ಚರ್ಮವೇ ಕಿತ್ತು ಬರುತ್ತದೆ. ಗಂಡು ಹೆಣ್ಣನ್ನು ಒಟ್ಟಿಗೆ ಬಿಡಬೇಡಿ, ಬಿಟ್ಟರೆ ಮೂರು ವಾರಕ್ಕೆ ಮರಿಗಳು.

2019ರಲ್ಲಿ ಬರ್ಲಿನ್‌ನ ಸಂಶೋಧಕರು ಇಲಿಗಳಿಗೆ ಮನುಷ್ಯರ ಜೊತೆ ಕಣ್ಣಾಮುಚ್ಚಾಲೆ ಆಡಲು ಕಲಿಸಿದರು. ತಿನ್ನಲು ಏನೂ ಕೊಡಲಿಲ್ಲ, ಕಚಗುಳಿಯೇ ಬಹುಮಾನ. ನಾನು ಬಾಗಿಲ ಹಿಂದೆ ಅಡಗಿದಾಗ ಶೇಂಗಾ ಮೂಗು ಆಡಿಸುತ್ತಾ ಹುಡುಕಿ ಬರುವುದನ್ನು ಕಂಡ ಮೇಲೆ ನನಗೆ ಅದರಲ್ಲಿ ಆಶ್ಚರ್ಯ ಉಳಿದಿಲ್ಲ.

ಕೊನೆಯದು, ವಾಪಸ್ ಕರೆಯುವುದು. ಇದನ್ನು ಮೊದಲ ದಿನದಿಂದಲೇ ಕಲಿಸಿ. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಹುರಿದ ಶೇಂಗಾ ಹಾಕಿ ಅಲ್ಲಾಡಿಸಿ, ಬಂದವರಿಗೆ ಅರ್ಧ ಬೀಜ ಕೊಡಿ. ವಾರದೊಳಗೆ ಆ ಸದ್ದಿಗೆ ಎಲ್ಲಿದ್ದರೂ ಓಡಿ ಬರುತ್ತವೆ. ಸೋಫಾದೊಳಗೆ ಸೇರಿದ ದಿನ ನಮ್ಮ ಬಳಿ ಈ ಡಬ್ಬಿ ಇರಲಿಲ್ಲ. ಈಗ ಪಂಜರದ ಬಾಗಿಲಲ್ಲೇ ಡಬ್ಬಿ ಆಡಿಸುತ್ತೇನೆ. ಇಬ್ಬರನ್ನೂ ಎಣಿಸಿ ಚಿಲಕ ಹಾಕುತ್ತೇನೆ. ಆಮೇಲೆ ಸೋಪು ಹಚ್ಚಿ ಕೈ ತೊಳೆದು, ನೆಲ ಒರೆಸಿ, ಮಡಕೆಯನ್ನು ಮತ್ತೆ ನೀರಿಗೆ ಹಾಕುತ್ತೇನೆ.