ಬೋರ್ಡಿಗೆ ನೀರು ಹಾಕಿಯೇ ಬೀಪ್ ನಿಲ್ಲಿಸಿದೆ: ನನ್ನ ಅನುಭವ

ಆಗಸ್ಟ್ ಮೊದಲ ವಾರ ಬಂತೆಂದರೆ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಫೋನಿಗೆ ಬಿಡುವಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನ ಸುತ್ತಮುತ್ತ ಎಷ್ಟೋ ಕಚೇರಿಗಳು ಆ ಎರಡು ತಿಂಗಳು ಬಾಗಿಲು ಹಾಕಿಕೊಂಡಿರುತ್ತವೆ. ಸುರಿವ ಮಳೆಯಲ್ಲಿ ಮುಚ್ಚಿದ ಕೋಣೆಯೊಳಗೆ ಕುಳಿತಿದ್ದ ಕಂಪ್ಯೂಟರಿಗೆ ಹೊಸ ಋತುವಿನ ದಿನ ಊದುಬತ್ತಿ ಹಚ್ಚಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ, ಒಳಗಿನಿಂದ ಪೀ... ಪೀ... ಎಂಬ ಕೂಗು.

ರ್‍ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಕಳಚಿ, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿ 300 ರೂಪಾಯಿ ಪಡೆದು ಬರುವುದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಹದಿನೈದು ದಿನ ಕಳೆದು ಅದೇ ಕೂಗು ಮತ್ತೆ ಬರುತ್ತದೆಯಲ್ಲ, ನಾನು ಬರೆಯುತ್ತಿರುವುದು ಅದರ ಬಗ್ಗೆ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಮಲ್ಪೆಯ ಒಂದು ಐಸ್ ಪ್ಲಾಂಟಿನ ಕಂಪ್ಯೂಟರ್. ಎಚ್61 ಎಂಬ ಹಳೆಯ ಮಾದರಿಯ ಮದರ್‌ಬೋರ್ಡ್, ಡಿಡಿಆರ್3 ಮೆಮೊರಿ, ಲೆಕ್ಕ ಬರೆಯುವ ಟ್ಯಾಲಿ, ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಸಿಗದ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಆ ಪೋರ್ಟಿನ ಕಾರಣಕ್ಕೇ ಧಣಿಗಳು ಹೊಸದನ್ನು ಕೊಳ್ಳಲು ಒಪ್ಪುತ್ತಿರಲಿಲ್ಲ. ಮೊದಲ ಸಲ ರಬ್ಬರ್. ಎರಡನೆಯ ಸಲ 4 ಜಿಬಿಯ ಬೇರೆ ರ್‍ಯಾಮ್, ಸುಮಾರು 900 ರೂಪಾಯಿ. ಮೂರನೆಯ ಸಲ ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯ ಮೇಲೆ ಸಂಶಯಪಟ್ಟು 1,100 ರೂಪಾಯಿ. ನಾಲ್ಕನೆಯ ಸಲ ಬೋರ್ಡನ್ನೇ ಬದಲಿಸಿದೆ, 3,200 ಇರಬೇಕು. ಐದು ತಿಂಗಳು ಸುಮ್ಮನಿತ್ತು. ಜೂನ್ ಎರಡನೆಯ ವಾರ ಮತ್ತೆ ಕೂಗಿತು. ಆ ಬೋರ್ಡಿನ ಹಣವನ್ನು ಕೇಳಲು ಮುಖವಿಲ್ಲದೆ ನನ್ನ ಕೈಯಿಂದಲೇ ಹಾಕಿಕೊಂಡೆ.

ಬೀಪ್ ಎಷ್ಟು, ಉದ್ದವೋ ಗಿಡ್ಡವೋ ಎಂಬುದರಿಂದ ದೋಷ ಯಾವುದೆಂದು ತಿಳಿಯುತ್ತದೆ. ಅದಕ್ಕೂ ಮೊದಲು ಬೇರೊಂದು ಕಡೆ ಆ ಲೆಕ್ಕ ತಪ್ಪಿ ಇನ್ನೂ ಹಣ ಕಳೆದಿದ್ದೆ. ಒಂದು ಉದ್ದ, ಎರಡು ಗಿಡ್ಡ. ಆನ್ ಮಾಡಿದೊಡನೆ ಯಂತ್ರವನ್ನು ಪರೀಕ್ಷಿಸಿ ಬೀಪ್ ಹೊಡೆಸುವ ತಂತ್ರಾಂಶ ಬಯೋಸ್; ಹಳೆಯ ಅವಾರ್ಡ್ ಕಂಪನಿಯ ಬಯೋಸ್ ಕಾಲದಲ್ಲಿ ಪಳಗಿದವನು ನಾನು, ಅಲ್ಲಿ ಅದು ಡಿಸ್‌ಪ್ಲೇ ದೋಷ. ಕಣ್ಣುಮುಚ್ಚಿ 2,000 ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ತರಿಸಿದೆ. ಏಸಸ್ ಬೋರ್ಡುಗಳಲ್ಲಿ ಅದೇ ಲಯಕ್ಕೆ ಮೆಮೊರಿ ಕಾಣುತ್ತಿಲ್ಲ ಎಂದು ಅರ್ಥ. ಡಿಸ್‌ಪ್ಲೇ ಆದರೆ ಒಂದು ಉದ್ದ, ಮೂರು ಗಿಡ್ಡ. ಆ ಕಾರ್ಡ್ ಒಂದು ವರ್ಷ ನನ್ನ ಕಪಾಟಿನಲ್ಲಿತ್ತು. ಅಂದಿನಿಂದ ಬೋರ್ಡಿನ ಹೆಸರು ನೋಡದೆ ಬೀಪ್ ಎಣಿಸುವುದಿಲ್ಲ.

ಐಸ್ ಪ್ಲಾಂಟಿಗೆ ಬರುತ್ತೇನೆ. ಲೆಕ್ಕ ಬರೆಯುವ ಅಕ್ಕ ಒಮ್ಮೆ ಹೇಳಿದರು, "ಬೆಳಿಗ್ಗೆ ಕೂಗುವುದು ಮಾರಾಯರೇ, ಹತ್ತು ಸಲ ಆನ್ ಆಫ್ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆ." ಆ ಮಾತು ಕೇಳುತ್ತಾ ನೆಲ ನೋಡಿದೆ. ಗೋಡೆಗೆ ಒರಗಿಸಿಟ್ಟಿದ್ದ ಉಪ್ಪಿನ ಮೂಟೆಗಳ ಬುಡ ಕಪ್ಪಗೆ ನೆನೆದು, ಸಿಮೆಂಟಿನ ಮೇಲೆ ಅಂಗೈಯಗಲ ನೀರು ಒಸರಿತ್ತು. ಮಾಡು ಸೋರುತ್ತಿರಲಿಲ್ಲ. ಮಂಜುಗಡ್ಡೆ ಕಟ್ಟುವ ಡಬ್ಬಿಗಳನ್ನು ಮುಳುಗಿಸುವ ತೊಟ್ಟಿಗೆ ಬೇಕಾದ ಉಪ್ಪು ಅದು. ಗಾಳಿಯ ತೇವ ಶೇ 75 ದಾಟಿತೆಂದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಎಷ್ಟೋ ಸಲ 90ಕ್ಕಿಂತ ಕೆಳಗಿಳಿಯುವುದೇ ಇಲ್ಲ. ಮನೆಯ ಉಪ್ಪಿನ ಭರಣಿ ಆಟಿ ತಿಂಗಳ ಮಳೆಯಲ್ಲಿ ಏನಾಗುತ್ತದೆಂದು ನಮ್ಮ ಅಮ್ಮಂದಿರಿಗೆಲ್ಲ ಗೊತ್ತು. ರ್‍ಯಾಮ್ ಸ್ಲಾಟಿನ ಒಳಗೂ ಅದೇ ನಡೆಯುತ್ತಿದೆ ಎಂದು ಆ ಮೂಟೆ ನೋಡಿದಾಗ ಹೊಳೆಯಿತು. ರಬ್ಬರ್ ಉಜ್ಜಿದರೆ ಹೋಗುವುದು ರ್‍ಯಾಮಿನ ಕೊಳೆ. ಕಡಲ ಗಾಳಿಯ ಜೊತೆ ಬಂದು, ಅದನ್ನು ಸಿಕ್ಕಿಸುವ ಸ್ಲಾಟಿನ ಸಣ್ಣ ಮುಳ್ಳುಗಳ ನಡುವೆ ಕುಳಿತ ಉಪ್ಪು ಅಲ್ಲೇ ಇರುತ್ತದೆ. ಯಂತ್ರ ಓಡುತ್ತಿದ್ದರೆ ಬಿಸಿಗೆ ಒಣಗಿರುತ್ತದೆ, ರಾತ್ರಿ ಮತ್ತೆ ಒದ್ದೆ, ಬೆಳಿಗ್ಗೆ ಕೂಗು.

ಆ ಬೋರ್ಡನ್ನು ಮನೆಗೆ ತಂದು, ನಾವೆಲ್ಲ ತೊಳೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಒಂದು ತಿಂಗಳಿಗೆ ಮತ್ತೆ ಬೀಪ್. ಆಮೇಲೆ ಒಂದು ಲೋಟ ಆಲ್ಕೋಹಾಲಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಕಿ ನೋಡಿದೆ. ಬೆಳಗಾದರೂ ಉಪ್ಪು ಹಾಗೆಯೇ ತಳದಲ್ಲಿತ್ತು. ಇಷ್ಟು ವರ್ಷ ನಾವೆಲ್ಲ ಉಪ್ಪನ್ನು ಕರಗಿಸದ ದ್ರವದಲ್ಲಿ ಉಪ್ಪು ತೊಳೆಯುತ್ತಿದ್ದೆವು. ಅದಕ್ಕೆ ನೀರೇ ಆಗಬೇಕು.

ಇದನ್ನು ಉಡುಪಿಯಲ್ಲಿ ನನ್ನ ಜೊತೆಯವರಿಗೆ ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. "ಬೋರ್ಡಿಗೆ ನೀರು ಹಾಕುವುದೇ? ನೀವು ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದೀರಾ?" ಎಂದರು ಒಬ್ಬರು, ನನಗಿಂತ ಹಿರಿಯರು. ಅವರಿಗೆ ಹೊಸ ಬೋರ್ಡಿನ ಬಜರ್ ತೋರಿಸಿದೆ. ಬೀಪ್ ಎನ್ನುವ ಆ ಕಪ್ಪು ಗುಂಡು ಡಬ್ಬಿಯ ತೂತಿನ ಮೇಲೆ ಎಷ್ಟೋ ಸಲ ಒಂದು ಸಣ್ಣ ಸ್ಟಿಕರ್ ಇರುತ್ತದೆ, ತೊಳೆದ ನಂತರ ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಬೆಸುಗೆ ಹಾಕಿದ ಬೋರ್ಡನ್ನು ಕಾರ್ಖಾನೆಯಲ್ಲಿ ತೊಳೆಯುವ ರೂಢಿಯಿದ್ದುದರಿಂದಲೇ ಆ ಸ್ಟಿಕರ್. ಅವರು ತಲೆ ಅಲ್ಲಾಡಿಸಿ ಎದ್ದು ಹೋದರು.

ನೀರಿನಲ್ಲಿ ತೊಳೆದ ಮೊದಲನೆಯ ಬೋರ್ಡನ್ನು ನಾನೇ ಕೊಂದೆ. ಬೋರ್ಡಿನ ಮೇಲೆ ನಾಣ್ಯದ ಹಾಗೆ ಕೂತಿರುವ ಸಿಮೋಸ್ ಬ್ಯಾಟರಿ ತೆಗೆಯಲು ಮರೆತಿದ್ದೆ. 3 ವೋಲ್ಟ್ ಏನು ಮಾಡೀತು ಎನ್ನಬೇಡಿ, ಒದ್ದೆ ಬೋರ್ಡಿನಲ್ಲಿ ಅಷ್ಟು ಸಾಕು, ಬ್ಯಾಟರಿಯ ಸುತ್ತ ತಾಮ್ರದ ಗೆರೆಗಳು ಹಸಿರುಗಟ್ಟಿದವು. ಎರಡನೆಯದನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲಿಟ್ಟೆ, ಕೊಬ್ಬರಿ ಒಣಗುವ ಜಾಗ, ಬಿಸಿ ಚೆನ್ನಾಗಿತ್ತು. ಎರಡು ದಿನದಲ್ಲಿ ಬೋರ್ಡಿನ ಮೇಲೆ ಜಿಗುಟಾದ ಮಸಿ. ಮತ್ತೆ ಮೊದಲಿನಿಂದ ತೊಳೆದೆ. ಮೂರನೆಯದು ಒಂದೇ ರಾತ್ರಿ ಒಣಗಿತೆಂದು ನಂಬಿ ವಿದ್ಯುತ್ ಕೊಟ್ಟೆ, ಚಿಪ್‌ಸೆಟ್ ಎಂಬ ದೊಡ್ಡ ಚಿಪ್ಪಿನ ಕೆಳಗೆ ನೀರು ಉಳಿದಿತ್ತು, ಅದೂ ಹೋಯಿತು. ಮೂರರಲ್ಲಿ ಎರಡು ಸತ್ತವು, ನಾಲ್ಕೈದು ಸಾವಿರ ಕೈಬಿಟ್ಟಿತು. ಮನೆಯಲ್ಲಿ ಈ ಹುಚ್ಚು ಸಾಕು ಎಂದರು.

ನೀರಿನ ವಿಷಯದಲ್ಲೂ ಅಲೆದಾಡಿದ್ದೇನೆ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ 200 ರೂಪಾಯಿಯ ಟಿಡಿಎಸ್ ಮೀಟರ್ ಹಿಡಿದುಕೊಂಡು ಸಿಕ್ಕಿದ್ದನ್ನೆಲ್ಲ ಅಳೆದೆ. ಮಲ್ಪೆಯ ಒಂದು ಬಾವಿಯದು 500ರ ಹತ್ತಿರ, ಕೈಯಿಂದಲೂ ಮುಟ್ಟಿಸಬಾರದು. ಕುಡಿಯುವ ಬಾಟಲಿ ನೀರು 60ರ ಆಸುಪಾಸು. ಮಾಡಿನಿಂದ ಹಿಡಿದ ಮಳೆನೀರು 30 ಬಂತು, ಕಡಲ ಗಾಳಿಯ ಉಪ್ಪು ಅದರಲ್ಲೂ ಸೇರಿರಬೇಕು. ಎಸಿಯಿಂದ ತೊಟ್ಟಿಕ್ಕುವ ನೀರು 15, ಆದರೆ ಕೊಳವೆಯ ಲೋಳೆ ಅದರ ಜೊತೆಗೇ ಬರುತ್ತದೆ. ಕೊನೆಗೆ ಉಳಿದದ್ದು ಬ್ಯಾಟರಿ ನೀರು, ಅಂದರೆ ಇನ್ವರ್ಟರ್ ಬ್ಯಾಟರಿಗೆ ತುಂಬಿಸುವ ಶುದ್ಧ ನೀರು, ಆಮ್ಲವಲ್ಲ; ಮೀಟರಿನಲ್ಲಿ 1 ಅಥವಾ 2. ಐದು ಲೀಟರ್ ಕ್ಯಾನಿಗೆ ನೂರು ರೂಪಾಯಿ.

ಈಗ ಮಾಡುವುದು ಹೀಗೆ. ಮೊದಲು ರ್‍ಯಾಮ್ ಪೂರ್ತಿ ತೆಗೆದು ಆನ್ ಮಾಡುತ್ತೇನೆ. ಆಗಲೂ ಕೂಗಿದರೆ ಬೋರ್ಡ್, ಪ್ರೊಸೆಸರ್ ಎರಡಕ್ಕೂ ಜೀವವಿದೆ. ಕೂಗದಿದ್ದರೆ ತೊಳೆದು ಪ್ರಯೋಜನವಿಲ್ಲ, ಬೇರೆ ರೋಗ. ಸ್ಪೀಕರ್ ಇಲ್ಲದ ಕ್ಯಾಬಿನೆಟ್ಟುಗಳು ಈಗ ಹೆಚ್ಚು, ಇಪ್ಪತ್ತು ರೂಪಾಯಿಯ ಬಜರ್ ಚೀಲದಲ್ಲಿರಲಿ. ನಂತರ ನನ್ನದೇ ಒಂದು ಪರೀಕ್ಷೆ: ಮಧ್ಯಾಹ್ನ ಸರಿಯಾಗಿ ಓಡುತ್ತಿರುವ ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಸ್ಲಾಟಿನೊಳಗೆ ಕನ್ನಡಕ ಒರೆಸುವಾಗ ಬಿಡುವ ಹಾಗೆ ಬೆಚ್ಚನೆ ಉಸಿರು ಬಿಟ್ಟು, ಮತ್ತೆ ಕೂರಿಸುತ್ತೇನೆ. ಕೂಗಿದರೆ ಉಪ್ಪೇ. ಈ ಪರೀಕ್ಷೆ ನನಗೆ ಬಹುತೇಕ ತಪ್ಪಿಲ್ಲ.

ಬ್ಯಾಟರಿ, ಹೀಟ್‌ಸಿಂಕ್, ಪ್ರೊಸೆಸರ್ ತೆಗೆದು ಸಾಕೆಟ್ಟಿಗೆ ಪ್ಲಾಸ್ಟಿಕ್ ಮುಚ್ಚಳ, ಬಜರಿಗೆ ಟೇಪ್. ಬೋರ್ಡನ್ನು ಓರೆಯಾಗಿ ಹಿಡಿದು ಸ್ಲಾಟುಗಳ ಮೇಲೆ ಸಿರಿಂಜಿನಿಂದ ಬೆಚ್ಚಗಿನ ಬ್ಯಾಟರಿ ನೀರು, ಕೆಳಗೆ ಬೋಗುಣಿ. ಬಿದ್ದ ನೀರನ್ನು ಮೀಟರಿನಿಂದ ಅಳೆಯಿರಿ. ಐಸ್ ಪ್ಲಾಂಟಿನ ಬೋರ್ಡಿನ ಮೊದಲ ನೀರು 300 ದಾಟಿತ್ತು. ಹತ್ತರ ಒಳಗೆ ಬರುವವರೆಗೆ ನಿಲ್ಲಿಸುವುದಿಲ್ಲ. ಕೊನೆಗೆ ಆಲ್ಕೋಹಾಲ್, ಅದರ ಕೆಲಸ ಉಳಿದ ನೀರನ್ನು ಹೊರಡಿಸುವುದು. ಬಳಿಕ ಸೇಬಿನ ಮರದ ಪೆಟ್ಟಿಗೆಯಲ್ಲಿ 60 ವಾಟಿನ ಹಳೆಯ ತಂತಿ ಬಲ್ಬ್ ಉರಿಸಿ 36 ಗಂಟೆ. ಒಳಗೆ 45ರಿಂದ 50 ಡಿಗ್ರಿ. ಅವಸರ ಮಾಡಿದವರ ಗತಿ ಮೇಲೆ ಹೇಳಿದ್ದೇನೆ. ಒಣಗಿದ ಮೇಲೆ ಸ್ಲಾಟಿಗೆ ಒಂದು ವಸ್ತುವನ್ನು ತೆಳುವಾಗಿ ಸವರುತ್ತೇನೆ, ಅದು ಏನೆಂದು ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ. ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವು ಮಾತ್ರ ಅಲ್ಲ, ಎರಡನ್ನೂ ಹಾಕಿ ಧೂಳು ಮೆತ್ತಿಸಿಕೊಂಡಿದ್ದೇನೆ.

ಎಸ್‌ಎಂಪಿಎಸ್‌ಗೆ ಈ ವಿದ್ಯೆ ಬೇಡ. ಕೆಪಾಸಿಟರ್ ಉಬ್ಬಿದ್ದರೆ, ಸ್ಲಾಟಿನ ಮುಳ್ಳಿನ ಚಿನ್ನದ ಲೇಪ ಹೋಗಿ ಹಸಿರಾಗಿದ್ದರೆ ನೀರು ಏನೂ ಮಾಡದು. ಉಳಿದವುಗಳಲ್ಲಿ ಹತ್ತಕ್ಕೆ ಏಳೆಂಟು ಎದ್ದು ಕುಳಿತಿವೆ. ಇದುವರೆಗೆ ಅರುವತ್ತರಷ್ಟು ಬೋರ್ಡ್ ತೊಳೆದಿರಬೇಕು. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರು ಭಾಗದಿಂದಲೂ ಬಂದಿವೆ. ನನ್ನ ಖರ್ಚು ಒಂದಕ್ಕೆ 120 ರೂಪಾಯಿ, ತೆಗೆದುಕೊಳ್ಳುವುದು 700. ಐಸ್ ಪ್ಲಾಂಟಿನ ಬೋರ್ಡ್ ಮೂರು ಮಳೆಗಾಲ ದಾಟಿದೆ. ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ ಮೇಜಿನ ಮೇಲಿಡಿಸಿದ್ದೇನೆ, ಉಪ್ಪಿನ ಮೂಟೆಗಳು ಹಿಂದಿನ ಕೋಣೆಗೆ ಹೋಗಿವೆ, ನಿಷೇಧದ ತಿಂಗಳುಗಳಲ್ಲಿ ಅಕ್ಕ ವಾರಕ್ಕೆರಡು ಸಲ ಬಂದು ಒಂದೊಂದು ಗಂಟೆ ಆನ್ ಮಾಡಿಟ್ಟು ಹೋಗುತ್ತಾರೆ.

ತಲೆ ಅಲ್ಲಾಡಿಸಿ ಎದ್ದು ಹೋಗಿದ್ದ ಆ ಹಿರಿಯರು ಕಳೆದ ಆಗಸ್ಟಿನಲ್ಲಿ ನಾಲ್ಕು ಬೋರ್ಡುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದರು. ಮೂರು ಎದ್ದವು. ಒಂದರಲ್ಲಿ ಬ್ಯಾಟರಿ ತೆಗೆದಿರಲಿಲ್ಲ.