ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗೆ ಹೊಸ ಎಂಜಿನ್ ಕೂರಿಸಿದ್ದು

ಸೈಲೆನ್ಸರ್‌ನಿಂದ ನೀಲಿ ಹೊಗೆ ಬರಲು ಶುರುವಾಗಿ ಬಹಳ ಕಾಲವಾಗಿತ್ತು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಗಿನ ಗುರುತಿಗೆ ಇಳಿದಿರುತ್ತಿತ್ತು, ಎಂಜಿನ್ನಿನ ಒಳಗಾಳಿ ಹೊರಹೋಗುವ ಬ್ರೀದರ್‌ನಿಂದ ಉಕ್ಕಿದ್ದು ಏರ್ ಫಿಲ್ಟರನ್ನು ತೋಯಿಸಿರುತ್ತಿತ್ತು. ನನ್ನ ಗಾರ್ಡನ್ ಟ್ರ್ಯಾಕ್ಟರಿನಲ್ಲಿದ್ದದ್ದು ಕೋಹ್ಲರ್ ಕೆ301: ಎರಕದ ಕಬ್ಬಿಣದ ಬ್ಲಾಕು, ಒಂದೇ ಸಿಲಿಂಡರ್, 476 ಸಿಸಿ, 12 ಎಚ್‌ಪಿ. ಇಷ್ಟು ವರ್ಷ ದುಡಿದ ಎಂಜಿನ್ ಬಗ್ಗೆ ನನಗೆ ಯಾವ ದೂರೂ ಇಲ್ಲ. ರಿಪೇರಿಗೆ ಇನ್ನೂ ಬಾಳುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಇಂಥ ಎಂಜಿನ್‌ಗೆ ಕಂಪ್ರೆಷನ್ ಗೇಜ್ ಹಾಕಿ ನೋಡುವುದು ದಂಡ. ಸ್ಟಾರ್ಟ್ ಮಾಡುವಾಗ ಭಾರ ಕಡಿಮೆಯಾಗಲಿ ಎಂದು ಕ್ಯಾಮ್‌ಶಾಫ್ಟ್‌ನಲ್ಲೇ ಒಂದು ಏರ್ಪಾಡು ಇದೆ. ನಿಧಾನವಾಗಿ ತಿರುಗುವಾಗ ಅದು ಎಕ್ಸಾಸ್ಟ್ ವಾಲ್ವನ್ನು ಒಂಚೂರು ಎತ್ತಿ ಹಿಡಿಯುತ್ತದೆ. ಹಾಗಾಗಿ ಗಟ್ಟಿಮುಟ್ಟಾದ ಎಂಜಿನ್ನಲ್ಲೂ ಗೇಜಿನ ಮುಳ್ಳು ಮೇಲೇರುವುದಿಲ್ಲ. ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಟ್ಟು, ಗಾಳಿ ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಟ್ಟು ಕೇಳುವುದು ಉತ್ತಮ. ಕಾರ್ಬುರೇಟರಿನಲ್ಲಿ ಬುಸ್ಸೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್. ನನ್ನದರಲ್ಲಿ ಆಯಿಲ್ ಹಾಕುವ ಬಾಯಿಂದ ರಭಸವಾಗಿ ಬಂತು. ಅಂದರೆ ಸವೆದದ್ದು ಪಿಸ್ಟನ್ ರಿಂಗು ಮತ್ತು ಬೋರು (ಸಿಲಿಂಡರಿನ ಒಳಗೋಡೆ). ಗಾಳಿ ಬಿಡುವಾಗ ಫ್ಲೈವೀಲನ್ನು ಬಿಗಿಯಾಗಿ ಹಿಡಿದಿಡಬೇಕು. ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಎಂಜಿನ್ ತಟ್ಟನೆ ತಿರುಗಿ ಕೈ ಮುರಿಯುತ್ತದೆ.

ಹೆಡ್ ಬಿಚ್ಚಿದಾಗ ಉಳಿದದ್ದೂ ತೀರ್ಮಾನವಾಯಿತು. ಮಸಿ ಕೆರೆದರೆ ಪಿಸ್ಟನ್ನಿನ ತಲೆಯ ಮೇಲೆ 030 ಎಂಬ ಅಚ್ಚು. ಈ ಎಂಜಿನ್‌ಗೆ 0.010, 0.020, 0.030 ಇಂಚು ಓವರ್‌ಸೈಜ್ (ಮೂಲಕ್ಕಿಂತ ಅಷ್ಟು ದಪ್ಪದ) ಪಿಸ್ಟನ್ ಬರುತ್ತವೆ. ನನ್ನ ಬ್ಲಾಕನ್ನು ಹಿಂದೆ ಯಾರೋ ಕೊನೆಯ ಅಳತೆಯವರೆಗೂ ಬೋರ್ ಮಾಡಿಸಿಯಾಗಿತ್ತು. ಇನ್ನು ಲೈನರ್, ಅಂದರೆ ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ, ಹೊಡೆಸಬೇಕು. ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂನದ್ದು, ಬೇರಿಂಗ್ ಶೆಲ್ ಇಲ್ಲದೆ ನೇರವಾಗಿ ಕ್ರ್ಯಾಂಕಿನ ಮೇಲೆ ತಿರುಗುವಂಥದ್ದು. ಕ್ರ್ಯಾಂಕ್‌ಪಿನ್ನಿಗೆ ಮೈಕ್ರೋಮೀಟರ್ ಹಿಡಿದರೆ ಒಂದು ಕಡೆಗೊಂದು ಅಳತೆ, ತಿರುಗಿಸಿ ಹಿಡಿದರೆ ಇನ್ನೊಂದು, ಅಂದರೆ ಸವೆದು ಗುಂಡಗೆ ಉಳಿದಿಲ್ಲ. ಲೈನರ್, ಕ್ರ್ಯಾಂಕ್ ಗ್ರೈಂಡಿಂಗ್, ಅಂಡರ್‌ಸೈಜ್ ರಾಡ್, ವಾಲ್ವ್ ಗೈಡ್ ಎಲ್ಲ ಸೇರಿದರೆ ಹೊಸ ಎಂಜಿನ್ನೇ ಅಗ್ಗ. ಹಳೆಯ ಯಂತ್ರವನ್ನು ಮೂಲರೂಪದಲ್ಲೇ ಉಳಿಸಿಕೊಳ್ಳಬೇಕು ಅನ್ನುವವರು ಇದನ್ನು ಒಪ್ಪಲಿಕ್ಕಿಲ್ಲ. ನನಗೆ ಹುಲ್ಲು ಕೊಯ್ಯುವ ಕೆಲಸ ಆಗಬೇಕಿತ್ತು.

ಎಂಜಿನ್ ಬದಲಿಸುವ ಮಾತು ಬಂದೊಡನೆ ಎಲ್ಲರೂ ಎಚ್‌ಪಿ ಕೇಳುತ್ತಾರೆ. ನಾನು ಮೊದಲು ಕೇಳಿಕೊಂಡದ್ದು ಬೇರೆ: ಶಾಫ್ಟ್ ಅಡ್ಡ ಬರುತ್ತದೋ ಕೆಳಮುಖವೋ, ಅದರ ದಪ್ಪವೆಷ್ಟು, ಉದ್ದವೆಷ್ಟು, ಎಂಜಿನ್ ತಳದಿಂದ ಶಾಫ್ಟಿನ ಮಧ್ಯಕ್ಕೆ ಎತ್ತರವೆಷ್ಟು, ಯಾವ ದಿಕ್ಕಿಗೆ ತಿರುಗುತ್ತದೆ. ಎರಡು ಸಿಲಿಂಡರಿನ ವಿ-ಟ್ವಿನ್ ಆಸೆ ಹುಟ್ಟಿಸಿತು, ಆದರೆ ಬಾನೆಟ್ ಕತ್ತರಿಸದೆ ಒಳಗೆ ಹೋಗುವ ಹಾಗಿರಲಿಲ್ಲ. ಕೊನೆಗೆ ಆರಿಸಿಕೊಂಡದ್ದು ಹೋಂಡಾ ಜಿಎಕ್ಸ್390, ಸೆಲ್ಫ್ ಸ್ಟಾರ್ಟ್ ಇರುವುದು. 389 ಸಿಸಿ, 3600 ಆರ್‌ಪಿಎಂನಲ್ಲಿ 11.7 ಎಚ್‌ಪಿ. ಶಾಫ್ಟಿನ ಎದುರು ನಿಂತು ನೋಡಿದರೆ ಎರಡೂ ಎಂಜಿನ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ, ಆದ್ದರಿಂದ ಗೇರ್‌ಬಾಕ್ಸಿಗೂ ಬ್ಲೇಡಿಗೂ ದಿಕ್ಕು ತಪ್ಪುವ ಭಯವಿಲ್ಲ.

ಇದೇ ಎಂಜಿನ್ ಬೇರೆಬೇರೆ ಶಾಫ್ಟಿನಲ್ಲಿ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ನನ್ನ ಹಳೆಯ ಪುಲ್ಲಿಗಳು ಒಂದಿಂಚಿನವು, ಅಂದರೆ 25.4 ಮಿ.ಮೀ. 25 ಮಿ.ಮೀ. ಶಾಫ್ಟಿಗೂ ಅವು ಸಲೀಸಾಗಿ ಏರುತ್ತವೆ, ಅಲ್ಲೇ ಅಪಾಯ. ಆ 0.4 ಮಿ.ಮೀ. ಸಡಿಲದಲ್ಲಿ ಪುಲ್ಲಿ ಸೊಟ್ಟಗೆ ಸುತ್ತಿ, ಕೀಯನ್ನು (ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ಜಜ್ಜಿ, ಅದು ಕೂರುವ ಸೀಳು ಬಾಯಿ ಬಿಡುತ್ತದೆ. ಕಾಲಿಂಚು ಕೀ ಇರುವ ಒಂದಿಂಚಿನ ನೇರ ಶಾಫ್ಟನ್ನೇ ಕೇಳಿ ತರಿಸಿದೆ. ಮಾಡೆಲ್ ಹೆಸರು ನೋಡಿ ಕೊಂಡರೆ ಸಾಲದು, ಕೊಳ್ಳುವ ಮುಂಚೆ ವರ್ನಿಯರ್ ಹಿಡಿದು ನೋಡಬೇಕು.

ಹಳೆಯ ಪುಲ್ಲಿ ಬಿಡಿಸುವುದಕ್ಕೇ ಹೆಚ್ಚು ಬೆವರು ಹರಿಯಿತು. ತುಕ್ಕು ಹಿಡಿದು ಶಾಫ್ಟಿನೊಂದಿಗೆ ಒಂದಾಗಿತ್ತು. ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಒಂದರ ಕೆಳಗೆ ಇನ್ನೊಂದು ಇರುವುದುಂಟು. ಮೇಲಿನದನ್ನು ಬಿಚ್ಚಿ ಪುಲ್ಲರ್ ಹಾಕಿ ಎಳೆದರೆ ಪುಲ್ಲಿಯ ಅಂಚು ಮುರಿಯುತ್ತದೆ, ಆದ್ದರಿಂದ ಟಾರ್ಚ್ ಬಿಟ್ಟು ನೋಡಿ ಎರಡನ್ನೂ ತೆಗೆದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪುಲ್ಲರ್ ಬಿಗಿದು ಹಬ್ಬನ್ನು ಕಾಯಿಸಿದಾಗ ಟಕ್ ಅಂತ ಸರಿಯಿತು. ಇದಕ್ಕೂ ಮುಂಚೆ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇಟ್ಟಿದ್ದೆ. ಹೊಸ ಶಾಫ್ಟಿಗೆ ಆಂಟಿ-ಸೀಜ್ ಪೇಸ್ಟ್ ಸವರಿಯೇ ಪುಲ್ಲಿ ಏರಿಸಿದ್ದು.

ಎಂಜಿನ್ ತಳದ ಬೋಲ್ಟ್ ರಂಧ್ರಗಳು ಹಳೆಯ ಜಾಗಕ್ಕೆ ಹೊಂದುವುದಿಲ್ಲ, ಶಾಫ್ಟಿನ ಎತ್ತರವೂ ಬೇರೆ. ಮೊದಲು ರಟ್ಟಿನಲ್ಲಿ ನಮೂನೆ ಕತ್ತರಿಸಿ, ಆಮೇಲೆ ದಪ್ಪ ಉಕ್ಕಿನ ಪ್ಲೇಟ್ ಮಾಡಿಸಿ ಫ್ರೇಮಿಗೂ ಎಂಜಿನ್ನಿಗೂ ನಡುವೆ ಹಾಕಿದೆ. ಫ್ರೇಮಿನ ಕಡೆ ಗುಂಡು ರಂಧ್ರ, ಎಂಜಿನ್ ಕಡೆ ಉದ್ದನೆಯ ಸೀಳುರಂಧ್ರ. ಎಂಜಿನ್ನನ್ನು ಹಿಂದೆ ಮುಂದೆ ಸರಿಸಿ ಬೆಲ್ಟ್ ಸರಿಹೊಂದಿಸಲು ಇದು ಬೇಕೇ ಬೇಕು. ಎರಡು ಪುಲ್ಲಿಯ ಮುಖಕ್ಕೆ ನೇರ ಪಟ್ಟಿ ಹಿಡಿದಾಗ ನಾಲ್ಕು ಕಡೆಯೂ ಪಟ್ಟಿ ತಾಗಬೇಕು. ಒಂದು ಕಡೆ ಬೆಳಕು ಕಂಡರೂ ಬೆಲ್ಟ್ ಅಂಚು ಸವೆದು ಪುಡಿಪುಡಿಯಾಗುತ್ತದೆ. ಪುಲ್ಲಿಗಳ ಅಳತೆಯನ್ನು ನಾನು ಮುಟ್ಟಲಿಲ್ಲ. ಹಳೆಯ ಎಂಜಿನ್ನೂ 3600ಕ್ಕೇ ಕಟ್ಟಿದ್ದು, ಹೊಸದೂ ಅಷ್ಟೇ, ಬ್ಲೇಡಿನ ವೇಗ ಇದ್ದಹಾಗೇ ಇರಲಿ ಎಂದು.

ಇನ್ನು ವೈರಿಂಗ್. ಹೊಸ ಎಂಜಿನ್ ಸುಟ್ಟುಹೋಗುವ ಜಾಗ ಇದೇ. ಹಳೆಯದರಲ್ಲಿ ಬ್ಯಾಟರಿ ಇಗ್ನಿಷನ್: ಚಾವಿ ತಿರುಗಿಸಿದರೆ 12 ವೋಲ್ಟ್ ಕಾಯಿಲಿಗೆ ಹೋಗುತ್ತದೆ, ಆಫ್ ಮಾಡಿದರೆ ಕರೆಂಟ್ ಕಡಿದು ಎಂಜಿನ್ ನಿಲ್ಲುತ್ತದೆ. ಹೊಸದಕ್ಕೆ ತನ್ನದೇ ಮ್ಯಾಗ್ನೆಟ್ ಇದೆ, ಬ್ಯಾಟರಿಯ ಹಂಗಿಲ್ಲ. ಅದರ ಕಾಯಿಲಿನಿಂದ ಬರುವ ತಂತಿಯನ್ನು ಎಂಜಿನ್ನಿನ ಲೋಹದ ಮೈಗೆ ತಾಗಿಸಿದರೆ ನಿಲ್ಲುತ್ತದೆ. ಲೆಕ್ಕ ಪೂರ್ತಿ ತಿರುಗುಮುರುಗು. ಹಳೆಯ ಸ್ವಿಚ್ಚಿನ ಇಗ್ನಿಷನ್ ತಂತಿಯನ್ನು ತಂದು ಇದಕ್ಕೆ ಸೇರಿಸಿದರೆ 12 ವೋಲ್ಟ್ ನೇರ ಕಾಯಿಲಿಗೆ ನುಗ್ಗಿ ಅದು ಹಾಳಾಗುತ್ತದೆ. ಆಫ್ ಸ್ಥಾನದಲ್ಲಿ ಎಂ (ಮ್ಯಾಗ್ನೆಟೋ) ಮತ್ತು ಜಿ (ಗ್ರೌಂಡ್) ಟರ್ಮಿನಲ್‌ಗಳನ್ನು ಒಂದು ಮಾಡುವ ಮ್ಯಾಗ್ನೆಟೋ ಸ್ವಿಚ್ ತಂದು ಹಾಕಿದೆ, ಹಾಕುವ ಮುಂಚೆ ಮಲ್ಟಿಮೀಟರಿನ ಬೀಪ್ ಇಟ್ಟು ಒಂದೊಂದೇ ಕಾಲನ್ನು ಪರೀಕ್ಷಿಸಿದೆ. ಸ್ಟಾಪ್ ತಂತಿಗೆ ಚಾವಿಯ ಯಾವ ಸ್ಥಾನದಲ್ಲೂ ವೋಲ್ಟೇಜ್ ಬರುತ್ತಿಲ್ಲ ಎಂದು ಖಚಿತವಾದ ಮೇಲಷ್ಟೇ ಎಂಜಿನ್ನಿಗೆ ಜೋಡಿಸಿದ್ದು.

ಸೀಟಿನ ಕೆಳಗಿನ ಸುರಕ್ಷತಾ ಸ್ವಿಚ್ಚಿಗೂ ಇದೇ ಮಾತು. ಮೊದಲು ಅದು ಕಾಯಿಲಿನ ದಾರಿಯಲ್ಲಿ ಸರಣಿಯಾಗಿತ್ತು, ಎದ್ದರೆ ಕರೆಂಟ್ ಕಡಿಯುತ್ತಿತ್ತು. ಈಗ ಎದ್ದರೆ ಸ್ಟಾಪ್ ತಂತಿ ಲೋಹದ ಮೈಗೆ ತಾಗಬೇಕು; ಆ ಬಗೆಯ ಸ್ವಿಚ್ಚೇ ಬೇರೆ. ಇದು ತಲೆನೋವೆಂದು ತಂತಿ ಕತ್ತರಿಸಿ ಬಿಟ್ಟವರನ್ನು ಕಂಡಿದ್ದೇನೆ. ಕೆಳಗೆ ಬ್ಲೇಡ್ ತಿರುಗುವ ಯಂತ್ರದಲ್ಲಿ ಅದು ಶುದ್ಧ ಮೂರ್ಖತನ.

ಹಳೆಯ ಸ್ಟಾರ್ಟರ್-ಜನರೇಟರ್, ಅದರ ಬೆಲ್ಟ್, ವೋಲ್ಟೇಜ್ ರೆಗ್ಯುಲೇಟರ್ ಡಬ್ಬಿ ಎಲ್ಲ ಹೊರಗೆ ಹೋದವು. ಬ್ಯಾಟರಿಯ ನೆಗೆಟಿವ್ ಕೇಬಲನ್ನು ಫ್ರೇಮಿಗೆ ಬದಲು ನೇರ ಎಂಜಿನ್ ಬ್ಲಾಕಿಗೆ ಕಟ್ಟಿದೆ, ಏಕೆಂದರೆ ನಡುವೆ ಬಣ್ಣ ಬಳಿದ ಪ್ಲೇಟ್ ಇದೆ, ಬಣ್ಣ ಕರೆಂಟನ್ನು ತಡೆಯುತ್ತದೆ. ಬ್ಲೇಡಿಗೆ ನನ್ನಲ್ಲಿರುವುದು ಕೈಲಿವರ್. ವಿದ್ಯುತ್ ಕ್ಲಚ್ ಇದ್ದಿದ್ದರೆ ಹೆಚ್ಚು ಆಂಪಿಯರಿನ ಚಾರ್ಜಿಂಗ್ ಕಾಯಿಲ್ ಇರುವ ಎಂಜಿನ್ನನ್ನೇ ಆರಿಸಬೇಕಾಗುತ್ತಿತ್ತು.

ಎಂಜಿನ್ ಮೇಲಿನ ಟ್ಯಾಂಕ್ ಬಾನೆಟ್ ಒಳಗೆ ಹಿಡಿಸಲಿಲ್ಲ. ಅದನ್ನು ತೆಗೆದು ಟ್ರ್ಯಾಕ್ಟರಿನ ಸ್ವಂತ ಟ್ಯಾಂಕಿನಿಂದಲೇ ಪೆಟ್ರೋಲ್ ಕೊಟ್ಟೆ. ಆ ಟ್ಯಾಂಕ್ ಕಾರ್ಬುರೇಟರಿಗಿಂತ ಕೆಳಗಿರುವುದರಿಂದ ಪಂಪ್ ಬೇಕಾಯಿತು. ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿದು ಬರುವ ಪೆಟ್ರೋಲಿಗೆ ಮಾಡಿದ ಕಾರ್ಬುರೇಟರ್ ಇದು. ಕಾರಿನ ಪಂಪಿನಂಥ ಒತ್ತಡ ಕೊಟ್ಟರೆ ಫ್ಲೋಟಿನ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕಿ ಕ್ರ್ಯಾಂಕ್‌ಕೇಸಿನ ಆಯಿಲಿಗೇ ಸೇರುತ್ತದೆ. ತೀರಾ ಕಡಿಮೆ ಒತ್ತಡದ ಪಂಪನ್ನೇ ಹಾಕಿದೆ. ಸೈಲೆನ್ಸರಿನ ಬಾಯನ್ನು ಪೆಟ್ರೋಲ್ ಪೈಪಿನಿಂದ ಆಚೆಗೆ ತಿರುಗಿಸಿದೆ. ಫ್ಲೈವೀಲ್ ಕಡೆಯಿಂದ ತಣ್ಣನೆ ಗಾಳಿ ಒಳಗೆ ಬರಬೇಕು, ಬಿಸಿಯಾದದ್ದು ಹೊರಗೆ ಹೋಗಬೇಕು. ಬಾನೆಟ್ ಒಳಗೆ ಅದೇ ಬಿಸಿ ಗಾಳಿ ಸುತ್ತು ಹೊಡೆಯದಂತೆ ನಡುವೆ ಒಂದು ತಗಡಿನ ತಡೆ ಇಟ್ಟೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಇದಕ್ಕಿಂತ ಮುಖ್ಯವಾದದ್ದಿಲ್ಲ.

ಆಕ್ಸಿಲರೇಟರ್ ಕೇಬಲ್ ಎಳೆಯುವ ದಿಕ್ಕು ಉಲ್ಟಾ ಬಂದದ್ದರಿಂದ ಬ್ರಾಕೆಟನ್ನು ಆಚೆ ಬದಿಗೆ ಸರಿಸಿದೆ. ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರ್‌ನ ಸ್ಪ್ರಿಂಗನ್ನು ಮುಟ್ಟಲಿಲ್ಲ. ಆಯಿಲ್ ಇಲ್ಲದೆ ಬರುವ ಎಂಜಿನ್ ಇದು, ಸ್ಟಾರ್ಟ್ ಮಾಡುವ ಮೊದಲೇ 1.1 ಲೀಟರ್ ಹಾಕಬೇಕು. ಮೊದಲ 20 ಗಂಟೆ ಓಡಿದ ಮೇಲೆ ಅದನ್ನು ಬದಲಿಸುವಾಗ ಬಸಿದದ್ದು ಬೆಳ್ಳಿಪುಡಿ ಕಲಸಿದಂತೆ ಮಿನುಗುತ್ತಿತ್ತು, ರಿಂಗು ಬೋರು ಒಂದಕ್ಕೊಂದು ಹೊಂದಿಕೊಳ್ಳುವಾಗ ಹಾಗಾಗುವುದೇ. ತಳದ ಬೋಲ್ಟ್‌ಗಳನ್ನು ಅದೇ ಹೊತ್ತಿಗೆ ಇನ್ನೊಮ್ಮೆ ಬಿಗಿದೆ. ಬೆಲ್ಟೂ ಸ್ವಲ್ಪ ಎಳೆದುಕೊಂಡಿತ್ತು.

ನಡುಕ ಎಷ್ಟೋ ಕಡಿಮೆಯಾಗಿದೆ, ಈ ಎಂಜಿನ್ನಿನೊಳಗೆ ಬ್ಯಾಲೆನ್ಸರ್ ಶಾಫ್ಟ್ ಇದೆ. ಮುಂಭಾರ ಇಳಿದು ಸ್ಟೀರಿಂಗ್ ಹಗುರಾಗಿದೆ, ಏರಿನಲ್ಲಿ ತುಸು ಹೆಚ್ಚೇ ಹಗುರು ಎನಿಸಿ ಮುಂದಿನ ಚಕ್ರಗಳಿಗೆ ತೂಕದ ಬಿಲ್ಲೆ ಕಟ್ಟಿದ್ದೇನೆ. ಹಳೆಯದರ ದೊಡ್ಡ ಫ್ಲೈವೀಲ್ ಒದ್ದೆ ಹುಲ್ಲಿನ ದಟ್ಟ ಜಾಗದಲ್ಲೂ ತನ್ನ ಓಟದ ಬಲದಲ್ಲೇ ನುಗ್ಗುತ್ತಿತ್ತು. ಇದು ಅಲ್ಲಿ ಒಂದು ಕ್ಷಣ ಕುಗ್ಗುತ್ತದೆ, ಗವರ್ನರ್ ತೆರೆದುಕೊಂಡ ಮೇಲೆ ಮತ್ತೆ ಎದ್ದು ಹೊರಡುತ್ತದೆ. ಅಂಥ ಕಡೆ ನಾನೀಗ ಒಂದು ಗೇರ್ ಕೆಳಗೆ ಇಳಿಸಿ ಓಡಿಸುತ್ತೇನೆ.