ತೋಟದ ಮನೆಗೆ ನೆಂಟರಾಗಿ ಬರುವವರಿಗೆ

ಏಪ್ರಿಲ್ ಬಂತು ಅಂದರೆ ಪುತ್ತೂರು, ಸುಳ್ಯ ಕಡೆಯ ತೋಟದ ಮನೆಗಳಿಗೆ ಬೆಂಗಳೂರಿನಿಂದ ಫೋನ್ ಶುರು. "ಅತ್ತೆ, ಮಕ್ಕಳಿಗೆ ರಜೆ, ಒಂದು ವಾರ ಇರೋಣ ಅಂತ." ಬನ್ನಿ, ಸಂತೋಷವೇ. ಜನ ಬಂದರೆ ಹಲಸಿನ ಹಣ್ಣಾದರೂ ಖರ್ಚಾಗುತ್ತದೆ. ಆದರೆ ಹೊರಡುವ ಮೊದಲು ಈ ಅಜ್ಜಿಯ ನಾಲ್ಕು ಮಾತು ಕೇಳಿಸಿಕೊಳ್ಳಿ.

ಬೇಕರಿ ಸ್ವೀಟಿನ ಡಬ್ಬ ತರಬೇಡಿ. ಬಿಚ್ಚಿದ ಮರುದಿನವೇ ಇರುವೆ ಹತ್ತುತ್ತದೆ. ನಮ್ಮಲ್ಲಿ ಬೆಳೆಯದ್ದನ್ನು ತನ್ನಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ತೊಗರಿಬೇಳೆ, ಬ್ಯಾಡಗಿ ಮೆಣಸು ಎಲ್ಲ ನಾವೂ ಅಂಗಡಿಯಿಂದಲೇ ತರುವುದು. ಮನೆಯ ಹಿರಿಯರ ಬಿಪಿ ಮಾತ್ರೆ ಮುಗಿಯುತ್ತಾ ಬಂದಿದೆಯಾ ಅಂತ ಒಂದು ಮಾತು ಕೇಳಿ, ಚೀಟಿ ನೋಡಿ ತಂದರೆ ಇನ್ನೂ ಒಳ್ಳೆಯದು. ಜೊತೆಗೆ ಬಟ್ಟೆ ಚೀಲ, ಹಳೇ ಪೇಪರ್, ಮುಚ್ಚಳ ಗಟ್ಟಿ ಇರುವ ಡಬ್ಬ ಇರಲಿ. ವಾಪಸ್ ಹೋಗುವಾಗ ಬೇಕಾಗುತ್ತದೆ.

ಬಂದ ಮೇಲೆ ಮನೆಯವರು ಉಂಡದ್ದನ್ನೇ ಉಣ್ಣಿ. ನೀರುದೋಸೆ, ಒಂದೆಲಗದ ತಂಬುಳಿ, ಬಸಳೆ ಸಾಂಬಾರು, ಹಲಸಿನಕಾಯಿ ಪಲ್ಯ. ಮಕ್ಕಳಿಗೆ ಸೇರುವುದಿಲ್ಲ ಅಂತ ಮೊದಲ ದಿನವೇ ನೂಡಲ್ಸ್ ಬಿಚ್ಚಿದರೆ ವಾರವಿಡೀ ಅದೇ ಆಗುತ್ತದೆ. ಎರಡು ಹೊತ್ತು ಸುಮ್ನೆ ಬಿಡಿ, ಹಸಿವಾದರೆ ತಾವೇ ತಿನ್ನುತ್ತಾರೆ. "ಏನೂ ಮಾಡಬೇಡಿ ಅತ್ತೆ" ಅನ್ನುವ ಉಪಚಾರವೂ ಬೇಡ. ತೆಂಗಿನಕಾಯಿ ತುರಿಯಲು ಕೂತುಬಿಡಿ, ಅರ್ಧ ಅಡುಗೆ ಆದ ಹಾಗೆ.

ಹಲಸು ಬಿಡಿಸುವುದನ್ನು ಮಾತ್ರ ಕಲಿತೇ ಹೋಗಿ. ಬಡಿದಾಗ ಟೊಳ್ಳು ಸದ್ದು ಬಂದು, ಮುಳ್ಳು ಅಗಲವಾಗಿ ಮೆತ್ತಗಾಗಿ, ಮೂಗಿಗೆ ಪರಿಮಳ ಬಡಿದರೆ ಹಣ್ಣಾಗಿದೆ ಎಂದರ್ಥ. ನೆಲಕ್ಕೆ ಪೇಪರ್ ಹಾಸಿ. ಕತ್ತಿಗೂ ಎರಡೂ ಅಂಗೈಗೂ ತೆಂಗಿನೆಣ್ಣೆ ಸವರಿಕೊಳ್ಳಿ, ಉಗುರಿನ ಸಂದು ಮರೆಯಬೇಡಿ. ಹಣ್ಣನ್ನು ಸೀಳಿದ ಕೂಡಲೇ ಬಿಳಿ ಮೇಣ ಸುರಿಯುತ್ತದೆ. ಆಗ ಸೊಳೆಗೆ ಕೈ ಹಾಕಬೇಡಿ. ಒಂದು ಕಡ್ಡಿ ತೆಗೆದುಕೊಂಡು ಮೇಣವನ್ನು ಅದಕ್ಕೆ ಸುತ್ತಿ ಸುತ್ತಿ ತೆಗೆಯಿರಿ. ಮಧ್ಯದ ಗೂಂಜನ್ನು ಉದ್ದಕ್ಕೆ ಕೊಯ್ದು ತೆಗೆದ ಮೇಲೆ ಸೊಳೆ ಆರಾಮಾಗಿ ಬಿಡುತ್ತದೆ. ಆದರೂ ಕೈಗೆ ಅಂಟಿತೇ? ನೀರು ಹಾಕಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು.

ಇದು ಬಕ್ಕೆ, ಅಂದರೆ ಗಟ್ಟಿ ಸೊಳೆಯ ಹಲಸಿನ ಲೆಕ್ಕ. ತುಳುವ ಅನ್ನುವ ಇನ್ನೊಂದು ಜಾತಿಯ ಹಲಸಿಗೆ ಕತ್ತಿಯೇ ಬೇಡ, ಕೈಯಲ್ಲೇ ಬಿಡಿಸಬಹುದು. ಅದರ ಸೊಳೆ ಮೆತ್ತಗೆ, ಲೋಳೆ. ಪೇಟೆಯವರು ಮೂಗು ಮುರಿಯುತ್ತಾರೆ. ಆದರೆ ಅಕ್ಕಿ, ಬೆಲ್ಲ, ತೆಂಗಿನ ತುರಿ ಸೇರಿಸಿ ರುಬ್ಬಿ, ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ 'ಗಟ್ಟಿ' ಅನ್ನುವ ಕಡುಬಿಗೆ ತುಳುವವೇ ಸೈ. ಮೇಲೊಂದು ಚಮಚ ತುಪ್ಪ ಹಾಕಿ ಕೊಟ್ಟರೆ ಮೂಗು ಮುರಿದವರೇ ಎರಡನೇ ಸಲ ಕೇಳುತ್ತಾರೆ, ನೋಡಿದ್ದೇನೆ. ಬೀಜ ಬಿಸಾಡಬೇಡಿ. ತೊಳೆದು ನೆರಳಲ್ಲಿ ಒಣಗಿಸಿಟ್ಟರೆ ಸಾಂಬಾರಿಗೆ ಆಯಿತು.

ತೋಟಕ್ಕೆ ಹೋದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಕೀಳಬೇಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಂತ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದು ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ಮರದ ಬುಡದಲ್ಲಿರುವ ವೀಳ್ಯದೆಲೆ, ಸೊಪ್ಪಿನ ಮೇಲೂ ಬೀಳುತ್ತದೆ. ಯಾವಾಗ ಹೊಡೆದದ್ದು ಅಂತ ಕೇಳಿಯೇ ಕೊಯ್ಯಿರಿ. ಕೆಸುವಿನ ಎಲೆಯೂ ಹಾಗೆ, ಮನೆಯವರು ತೋರಿಸಿದ ಜಾತಿಯದ್ದೇ ಆಗಬೇಕು. ಆ ಎಲೆಗೆ ಹಿಟ್ಟು ಸವರಿ ಮಾಡುವ ಪತ್ರೊಡೆಯಲ್ಲಿ, ಹಿಟ್ಟಿಗೆ ಹುಣಸೆಹುಳಿ ಹಾಕದಿದ್ದರೆ, ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಅಣಬೆ ತಂಟೆಗಂತೂ ಹೋಗಲೇಬೇಡಿ.

ಹೊರಡುವ ದಿನ ನಾವು ಡಿಕ್ಕಿ ತುಂಬಿಸುತ್ತೇವೆ, ಅದು ನಮ್ಮ ಚಾಳಿ. ನಿಮಗೆ ಖರ್ಚಾಗುವಷ್ಟೇ ಸಾಕು ಅನ್ನಿ, ಯಾರಿಗೂ ಬೇಜಾರಿಲ್ಲ. ಮನೆಯಲ್ಲೇ ಬೆಳೆದದ್ದು ನಿಜ, ಆದರೆ ತೆಂಗಿನಕಾಯಿ ಕೀಳಲು ಜನ ಸಿಗಬೇಕು, ಸಂಬಳ ಕೊಡಬೇಕು. ಕೊಟ್ಟದ್ದು ಕೊಳೆತರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಹಲಸನ್ನು ಇಡಿಯಾಗಿ ಕಾರಿನಲ್ಲಿ ಹಾಕಬೇಡಿ, ಊರು ಮುಟ್ಟುವವರೆಗೂ ಅದೇ ವಾಸನೆ. ಸೊಳೆ ಬಿಡಿಸಿ, ಬೀಜ ತೆಗೆದು ಡಬ್ಬದಲ್ಲಿ ಒಯ್ದು ಫ್ರಿಜ್‌ನಲ್ಲಿಡಿ. ತೆಂಗಿನಕಾಯಿಯ ಜುಟ್ಟು ಒಡೆಯುವ ಹೊತ್ತಿಗೆ ಕಿತ್ತರೆ ಸಾಕು. ಅಲ್ಲಿಯವರೆಗೆ ಜುಟ್ಟು ಮೇಲೆ ಬರುವ ಹಾಗೆ ನಿಲ್ಲಿಸಿಡಿ, ಜಾಸ್ತಿ ದಿನ ಬರುತ್ತದೆ. ಮಂಗಳೂರು ಸೌತೆಗೆ ಫ್ರಿಜ್ ಬೇಡ. ನಮ್ಮಲ್ಲಿ ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ, ಅಂದರೆ ಸೂರಿಗೆ, ನೇತು ಹಾಕುತ್ತೇವೆ, ಪೆಟ್ಟಾಗದ ಕಾಯಿ ತಿಂಗಳುಗಟ್ಟಲೆ ಇರುತ್ತದೆ. ನೀವು ಗಾಳಿಯಾಡುವ ಮೂಲೆಯಲ್ಲಿ ಪೇಪರ್ ಹಾಸಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಬಾಳೆಗೊನೆಯಲ್ಲಿ ಮೇಲಿನ ಚಿಪ್ಪು ಮೊದಲು ಹಣ್ಣಾಗುತ್ತದೆ. ಆ ಚಿಪ್ಪು ಬಿಡಿಸಿ ಬೇರೆ ಇಡಿ, ಸೊಪ್ಪಿನ ಹತ್ತಿರವಂತೂ ಬೇಡ, ಸೊಪ್ಪು ಬೇಗ ಹಳದಿಯಾಗುತ್ತದೆ.

ಮನೆ ಮುಟ್ಟಿದ ರಾತ್ರಿಯೇ ಚೀಲ ಬಿಚ್ಚಿ. ಹೆಚ್ಚಾದದ್ದು ಪಕ್ಕದ ಮನೆಗೆ ಹೋಗಲಿ. ಹಾಗೂ ಏನಾದರೂ ಹಾಳಾಯಿತಾ? ಎಲ್ಲ ಚೆನ್ನಾಗಿತ್ತು ಅಂತ ಸುಳ್ಳು ಹೇಳಬೇಡಿ. ಫೋನ್ ಮಾಡಿ ಇಂಥದ್ದು ಇಷ್ಟು ಕೊಳೆಯಿತು ಅನ್ನಿ. ಮುಂದಿನ ಸಲ ಅದನ್ನು ಕಡಿಮೆ ಹಾಕುತ್ತೇವೆ.